ಹಗೇವು ಮುಚ್ಚಿದ ಮೇಲೆ: ಹಳೆಯ ಲಿನಕ್ಸ್ ಯಂತ್ರಗಳ ಮುಂದಿನ ದಾರಿ

ಯಂತ್ರ ಕೆಟ್ಟಿಲ್ಲ. ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ಸ್ವಲ್ಪ ಹೊತ್ತಿಗೆ ಪರದೆ ಬೆಳಗುತ್ತದೆ. ಪತ್ರ ಬರೆಯಲು ಲಿಬ್ರೆಆಫೀಸ್ ಇದೆ, ಗಣಿತಕ್ಕೆ ಜಿಯೋಜೀಬ್ರಾ ಇದೆ. ಇಲ್ಲದ್ದು ಕನ್ನಡದಲ್ಲಿ ಟೈಪ್ ಮಾಡುವ ಸೌಲಭ್ಯ ಒಂದೇ. ಅದನ್ನು ಇಳಿಸಿಕೊಳ್ಳಲು ಹೋದರೆ ಸಾಲುಸಾಲಾಗಿ 404 ಎಂಬ ಅಂಕಿ ಬರುತ್ತದೆ: ಕೇಳಿದ್ದು ಆ ಜಾಗದಲ್ಲಿ ಇಲ್ಲ. ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿ ತಾಲೂಕುಗಳ ಯಾವುದಾದರೂ ಊರಿನ ಶಾಲೆ, ಸಹಕಾರಿ ಸಂಘ ಅಥವಾ ಟೈಪಿಂಗ್ ಅಂಗಡಿಯಲ್ಲಿ ಇಂಥ ಒಂದು ಯಂತ್ರ ಇದೆ ಎಂದು ಇಟ್ಟುಕೊಳ್ಳಿ. ಅದರೊಳಗಿರುವುದು 2017ರ ಅಕ್ಟೋಬರ್‌ನಲ್ಲಿ ಬಂದ ಲುಬುಂಟು 17.10. ಅದಕ್ಕೆ ಬರೆದಿದ್ದ ಆಯುಷ್ಯ ಒಂಬತ್ತು ತಿಂಗಳು. 2018ರ ಜುಲೈಗೆ ಅದು ಮುಗಿಯಿತು.

ಲಿನಕ್ಸ್‌ನಲ್ಲಿ ತಂತ್ರಾಂಶಗಳು ಬಿಡಿಬಿಡಿಯಾಗಿ ಬರುವುದಿಲ್ಲ. ರೆಪೊಸಿಟರಿ ಎಂಬ ಸಾಮೂಹಿಕ ಭಂಡಾರದಲ್ಲಿ ಸಾವಿರಾರು ಪ್ಯಾಕೇಜುಗಳು ಇರುತ್ತವೆ. ಒಂದನ್ನು ಕೇಳಿದರೆ ಅದು ನೆಚ್ಚಿಕೊಂಡ ಇನ್ನು ಹತ್ತು ಜೊತೆಗೆ ಬರುತ್ತವೆ. ಇಡೀ ಪಟ್ಟಿಯ ಮೇಲೆ ಭಂಡಾರದವರ ಡಿಜಿಟಲ್ ಸಹಿ ಇರುತ್ತದೆ. ಭಂಡಾರ ಮುಚ್ಚಿತೆಂದರೆ ಯಂತ್ರ ನಿಲ್ಲುವುದಿಲ್ಲ. ಆದರೆ ಹೊಸದು ಒಳಗೆ ಬರುವುದಿಲ್ಲ, ಹಳೆಯದರ ತೂತು ಮುಚ್ಚುವುದಿಲ್ಲ. ಆ ಯಂತ್ರವನ್ನು ಏನು ಮಾಡಬೇಕು ಎಂಬ ಬಗ್ಗೆ ತಂತ್ರಜ್ಞರಲ್ಲಿ ಒಮ್ಮತವಿಲ್ಲ. ನನಗೊಂದು ಅಭಿಪ್ರಾಯವಿದೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಬೇರೆ ಪಕ್ಷಗಳನ್ನೂ ಅವರವರ ಬಲದೊಂದಿಗೇ ಇಡಬೇಕು.

ಸಿಡಿಯಲ್ಲಿ ಬಂದದ್ದು, ಜಾಲಕ್ಕೆ ಕಟ್ಟಿಕೊಂಡದ್ದು

ಭಂಡಾರದಿಂದ ನೇರವಾಗಿ ಎಳೆದುಕೊಳ್ಳುವ ಆಪ್ಟ್ ಎಂಬ ಸಾಧನ ಡೆಬಿಯನ್ 2.1ರ ಜೊತೆ 1999ರಲ್ಲಿ ಬಂತು. ಅದು ಇಂಟರ್ನೆಟ್ ಸದಾ ಇರುವವರ ಅನುಕೂಲ. ನಮ್ಮ ಕಡೆ ಲಿನಕ್ಸ್ ಬಂದದ್ದು ಸಿಡಿಯ ಮೇಲೆ. 2003ರಲ್ಲಿ ಶುರುವಾದ ಲಿನಕ್ಸ್ ಫಾರ್ ಯು ಪತ್ರಿಕೆಯ ಜೊತೆ ಡಿಸ್ಕ್ ಬರುತ್ತಿತ್ತು. ಉಬುಂಟುವಿನವರು ಶಿಪ್‌ಇಟ್ ಎಂಬ ಯೋಜನೆಯಲ್ಲಿ ಕೇಳಿದವರ ಮನೆಗೆ ಪುಕ್ಕಟೆ ಸಿಡಿಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. 2011ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಿದರು. ಆ ನಿಲುಗಡೆಯಲ್ಲಿ ದೊಡ್ಡ ಬದಲಾವಣೆಯೊಂದು ಅಡಗಿತ್ತು. ಲಿನಕ್ಸ್ ಕೈಯಲ್ಲಿ ಹಿಡಿದು ಕಪಾಟಿನಲ್ಲಿ ಇಡುವ ವಸ್ತುವಾಗಿ ಉಳಿಯಲಿಲ್ಲ. ದೂರದ ಸರ್ವರ್ ಒಂದರ ಜೊತೆಗಿನ ಸಂಬಂಧವಾಯಿತು.

ಹಗುರ ಲಿನಕ್ಸ್‌ಗಳ ಕಾಲವೂ ಅದೇ. ಆಸ್ಟ್ರೇಲಿಯಾದ ಬ್ಯಾರಿ ಕಾಲರ್ 2003ರಲ್ಲಿ ಪಪ್ಪಿ ಲಿನಕ್ಸ್ ಹೊರತಂದರು. ಅದೇ ಹೊತ್ತಿಗೆ 50 ಎಂಬಿಯೊಳಗೆ ಇಡೀ ವ್ಯವಸ್ಥೆಯನ್ನು ಹಿಡಿಸಿದ ಡ್ಯಾಮ್ ಸ್ಮಾಲ್ ಲಿನಕ್ಸ್ ಬಂತು. ಅದರಲ್ಲಿ ದುಡಿದವರೊಬ್ಬರು 2008ರ ಹೊತ್ತಿಗೆ ಟೈನಿ ಕೋರ್ ಎಂಬ ಇನ್ನೂ ಸಣ್ಣದನ್ನು ಕಟ್ಟಿದರು. 2014ರ ಏಪ್ರಿಲ್ 8ರಂದು ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತಾಗ 512 ಎಂಬಿ ರ್‍ಯಾಮ್‌ನ ಅದೆಷ್ಟೋ ಯಂತ್ರಗಳು ಲುಬುಂಟು, ಪಪ್ಪಿಗಳ ಕಡೆ ಹೊರಳಿದವು. ಕರ್ನಾಟಕದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ 2011ರಿಂದ ಡಿಎಸ್‌ಇಆರ್‌ಟಿಯ ಜೊತೆ ಐಟಿ ಫಾರ್ ಚೇಂಜ್ ಸಂಸ್ಥೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳು ಮುಕ್ತ ತಂತ್ರಾಂಶವನ್ನೇ ನೆಚ್ಚಿಕೊಂಡಿದ್ದವು. ಉಬುಂಟು ಎಂಬ ಹೆಸರು ಹಳ್ಳಿ ಶಾಲೆಗಳ ಮೇಷ್ಟರ ಬಾಯಿಗೆ ಬಂದದ್ದರಲ್ಲಿ ಅದರ ಪಾಲು ದೊಡ್ಡದು.

ಆಮೇಲೆ ಶುರುವಾಯಿತು ಇಳಿಜಾರು. 2012ರಲ್ಲೇ ಉಬುಂಟು ಪಿಎಇ ಎಂಬ ಸೌಲಭ್ಯವಿಲ್ಲದ ಹಳೆಯ ಪ್ರೊಸೆಸರ್‌ಗಳನ್ನು ಕೈಬಿಟ್ಟಿತ್ತು. 2016ರಲ್ಲಿ ಕ್ರೋಮ್ 32 ಬಿಟ್ ಲಿನಕ್ಸ್ ಬಿಟ್ಟಿತು. 2017ರ ಕೊನೆಗೆ ಉಬುಂಟುವಿನ 32 ಬಿಟ್ ಡೆಸ್ಕ್‌ಟಾಪ್ ಡಿಸ್ಕ್ ನಿಂತಿತು, 2019ಕ್ಕೆ ಲುಬುಂಟುವಿನದೂ ನಿಂತಿತು. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಅದೇ ವರ್ಷದ ಕೊನೆಗೆ ಫೈರ್‌ಫಾಕ್ಸ್ ಸಹ 144ನೇ ಆವೃತ್ತಿಯ ನಂತರ 32 ಬಿಟ್ ಲಿನಕ್ಸ್‌ಗೆ ವಿದಾಯ ಹೇಳಿತು.

ಮೊದಲು ಹೋಗುವುದು ಕನ್ನಡ

ಈ ಚರ್ಚೆ ಹೊರಗಿನ ದೇಶಗಳಲ್ಲಿ ನಡೆಯುವಾಗ ಕಾಣದ ಸಂಗತಿಯೊಂದು ನಮಗೆ ಕಾಣುತ್ತದೆ. ಇಂಗ್ಲಿಷಿನವನಿಗೆ ಬೇಕಾದದ್ದೆಲ್ಲ ಆ ಸಣ್ಣ ಸಿಡಿಯಲ್ಲೇ ಇರುತ್ತದೆ, ಏಕೆಂದರೆ ವ್ಯವಸ್ಥೆಯನ್ನು ಹಗುರ ಮಾಡುವವರು ಮೊದಲು ತೆಗೆದುಹಾಕುವುದು ಬೇರೆ ಭಾಷೆಗಳನ್ನು. ಟೈನಿ ಕೋರ್‌ನಂಥದರಲ್ಲಿ ಕನ್ನಡದ ಅಕ್ಷರವೇ ಇಲ್ಲ. ಹಲವು ಲಿನಕ್ಸ್‌ಗಳ ಜೊತೆ ಬರುವ ಡೇಜಾವು ಫಾಂಟ್‌ನಲ್ಲೂ ಕನ್ನಡವಿಲ್ಲ, ಅಕ್ಷರದ ಜಾಗದಲ್ಲಿ ಚೌಕ ಡಬ್ಬಿಗಳು ಕಾಣುತ್ತವೆ. ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳಾಗಲಿ, ಐಬಸ್ ಮತ್ತು ಎಂ17ಎನ್ ಮೂಲಕ ಬರುವ ಕಗಪ ಕೀಲಿಮಣೆಯಾಗಲಿ, ಕನ್ನಡ ಅನುವಾದದ ಕಡತಗಳಾಗಲಿ ಬರಬೇಕಾದದ್ದು ಭಂಡಾರದಿಂದ. ಅಂದರೆ ಭಂಡಾರ ಮುಚ್ಚಿದ ದಿನ ಆ ಯಂತ್ರ ಇಂಗ್ಲಿಷಿಗೆ ಹಳೆಯದಾಗುತ್ತದೆ, ಕನ್ನಡಕ್ಕೆ ಮೂಕವಾಗುತ್ತದೆ.

ಫಾಂಟ್ ಕಡತವನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಾಕಬಹುದಲ್ಲ ಎಂದು ಕೇಳಬಹುದು. ಹಾಕಬಹುದು, ಬಹಳ ಸಲ ಅಷ್ಟೇ ಸಾಕಾಗುತ್ತದೆ. ಆದರೆ ಕನ್ನಡದ ಒತ್ತಕ್ಷರ, ಅರ್ಕಾವೊತ್ತುಗಳನ್ನು ಕೂಡಿಸುವುದು ಫಾಂಟ್ ಒಂದೇ ಅಲ್ಲ, ಅದರ ಹಿಂದಿನ ಅಕ್ಷರ ಜೋಡಣೆಯ ಎಂಜಿನ್ ಸಹ ಬೇಕು. ಲಿಬ್ರೆಆಫೀಸ್ ಎಲ್ಲ ಕಡೆಯೂ ಹಾರ್ಫ್‌ಬಜ್ ಎಂಬ ಎಂಜಿನ್‌ಗೆ ಬಂದದ್ದು 2017ರ 5.3ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯದರಲ್ಲಿ ಇಂದಿನ ಫಾಂಟ್ ಹಾಕಿದರೆ ಒತ್ತು ಅಕ್ಷರದ ಬುಡಕ್ಕೆ ಕೂರದೆ ಪಕ್ಕಕ್ಕೆ ಸರಿಯುವ ಸಂಭವವಿದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬರೆದಿಟ್ಟ ಕಡತಗಳದ್ದಂತೂ ಬೇರೆಯೇ ಗೋಳು.

ಬಿಟ್ಟು ಮುಂದೆ ನಡೆಯಿರಿ

ಮೊದಲ ಪಕ್ಷ ಭಂಡಾರ ನಡೆಸುವವರದು. ಅವರ ಮಾತಿನಲ್ಲಿ ನ್ಯಾಯವಿದೆ. ಪ್ರತಿ ಪ್ಯಾಕೇಜನ್ನೂ ಪ್ರತಿ ಬಗೆಯ ಪ್ರೊಸೆಸರ್‌ಗೂ ಕಟ್ಟಿ ಪರೀಕ್ಷಿಸಬೇಕು, ದೋಷ ಕಂಡಾಗ ತಿದ್ದಬೇಕು. ಡೆಬಿಯನ್‌ನಲ್ಲಿ ಇದನ್ನು ಮಾಡುವವರು ಬಹುಪಾಲು ಸ್ವಯಂಸೇವಕರು. 2014ರಲ್ಲಿ ಹಾರ್ಟ್‌ಬ್ಲೀಡ್ ಮತ್ತು ಶೆಲ್‌ಶಾಕ್, 2016ರಲ್ಲಿ ಡರ್ಟಿ ಕೌ, 2022ರಲ್ಲಿ ಪ್ವನ್‌ಕಿಟ್ ಎಂಬ ದೋಷಗಳು ಹೊರಬಂದಾಗ ಭಂಡಾರ ತೆರೆದಿದ್ದ ಯಂತ್ರಗಳಿಗೆ ಬೇಗನೆ ತೇಪೆ ಸಿಕ್ಕಿತು. ಮುಚ್ಚಿದ್ದವಕ್ಕೆ ಇಂದಿಗೂ ಸಿಕ್ಕಿಲ್ಲ. ಬ್ಯಾಂಕಿನ ಖಾತೆ, ಆಧಾರ್ ಸಂಖ್ಯೆ, ಪಹಣಿ ಅರ್ಜಿ ಒಂದೇ ಯಂತ್ರದಲ್ಲಿ ಓಡಾಡುವ ಅಂಗಡಿಗೆ ಇದು ಸಣ್ಣ ಮಾತಲ್ಲ. ಆ ಅಂಗಡಿಯ ವಿಷಯದಲ್ಲಿ ನಾನು ಈ ಪಕ್ಷದವನೇ. ಇನ್ನೊಬ್ಬರ ದುಡ್ಡಿನ ವ್ಯವಹಾರ ಮಾಡುವ ಯಂತ್ರ ಬೆಂಬಲವಿಲ್ಲದ ವ್ಯವಸ್ಥೆಯಲ್ಲಿ ಇರಕೂಡದು.

ಈ ಪಕ್ಷದವರು ಕೊಡುವ ಒಂದು ಸಲಹೆಯನ್ನು ನಮ್ಮಲ್ಲಿ ಯಾರೂ ಸಾಕಷ್ಟು ಬಳಸಿಲ್ಲ. ಹಳೆಯ ಯಂತ್ರ ಎಂದರೆಲ್ಲ 32 ಬಿಟ್ ಯಂತ್ರವಲ್ಲ. ಕೋರ್ 2 ಡ್ಯುಯೊ ಪ್ರೊಸೆಸರ್‌ಗಳು 64 ಬಿಟ್‌ನವೇ. 1 ಜಿಬಿ ರ್‍ಯಾಮ್ ಇದೆ ಎಂಬ ಕಾರಣಕ್ಕೆ ಅವಕ್ಕೆ 32 ಬಿಟ್ ವ್ಯವಸ್ಥೆ ಹಾಕಿ ಬಿಟ್ಟಿರುತ್ತಾರೆ. 2008ರ ಆಟಂ ಎನ್270 ನಿಜಕ್ಕೂ 32 ಬಿಟ್. ಎರಡು ವರ್ಷ ಆಮೇಲಿನ ಎನ್450 64 ಬಿಟ್. ಎಲ್‌ಎಸ್‌ಸಿಪಿಯು ಎಂಬ ಒಂದೇ ಆಜ್ಞೆ ಇದನ್ನು ಹೇಳುತ್ತದೆ. 64 ಎಂದು ಬಂದರೆ ಜಗಳದ ಅರ್ಧ ಅಲ್ಲೇ ತೀರಿತು: ಎರಡು ಜಿಬಿ ರ್‍ಯಾಮ್ ಮತ್ತು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿ, ಇಂದಿನ ಯಾವುದಾದರೂ ಹಗುರ ಲಿನಕ್ಸ್ ಏರಿಸಿದರೆ ಆ ಯಂತ್ರಕ್ಕೆ ತೆರೆದ ಭಂಡಾರ ಮತ್ತೆ ಸಿಗುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10 ನಿಂತ ಮೇಲೆ ಕೈಗೆ ಸಿಗುತ್ತಿರುವ ಹಳೆಯ ಯಂತ್ರಗಳಲ್ಲಿ ಬಹುತೇಕ ಈ ಜಾತಿಯವು.

ಹಗೇವು ತೆರೆಯುವವರು

ಎರಡನೆಯ ಪಕ್ಷದವರು ಭಂಡಾರ ಮುಚ್ಚಿದೆ, ಕಾಳು ಸುಟ್ಟಿಲ್ಲ ಎನ್ನುತ್ತಾರೆ. ಅದು ನಿಜ. ಆಯುಷ್ಯ ಮುಗಿದ ಉಬುಂಟು ಆವೃತ್ತಿಗಳು ಓಲ್ಡ್ ರಿಲೀಸಸ್ ಎಂಬ ಸರ್ವರ್‌ಗೆ ಹೋಗುತ್ತವೆ. ಡೆಬಿಯನ್‌ನವು ಆರ್ಕೈವ್ ಸರ್ವರ್‌ಗೆ ಹೋಗುತ್ತವೆ. ಡೆಬಿಯನ್‌ಗೆ ಸ್ನ್ಯಾಪ್‌ಶಾಟ್ ಎಂಬ ಇನ್ನೊಂದು ಕಣಜವೂ ಇದೆ, ಅಲ್ಲಿ 2005ರಿಂದೀಚೆಗಿನ ಭಂಡಾರದ ದಿನದಿನದ ಸ್ಥಿತಿ ಸಿಗುತ್ತದೆ. ನಮ್ಮ 17.10ರ ಯಂತ್ರದಲ್ಲಿ ಸೋರ್ಸಸ್ ಲಿಸ್ಟ್ ಕಡತ ತೆರೆದು ಹಳೆಯ ವಿಳಾಸದ ಜಾಗದಲ್ಲಿ ಈ ಓಲ್ಡ್ ರಿಲೀಸಸ್ ವಿಳಾಸ ಬರೆದರೆ 404 ಮಾಯವಾಗುತ್ತದೆ, ಕನ್ನಡ ಕೀಲಿಮಣೆ ಇಳಿಯುತ್ತದೆ. ಐದು ನಿಮಿಷದ ಕೆಲಸ. 14.04, 16.04ರಂಥ ದೀರ್ಘ ಬೆಂಬಲದ ಆವೃತ್ತಿಗಳಿಗೆ ಅದೂ ಬೇಕಿಲ್ಲ. ಅವುಗಳ ಪ್ಯಾಕೇಜುಗಳು ಇನ್ನೂ ಮುಖ್ಯ ಸರ್ವರ್‌ನಲ್ಲೇ ಇವೆ. ಪಪ್ಪಿಯದೂ ಇದಕ್ಕೇ ತಗುಲಿಕೊಂಡ ಕಥೆ: ಟಾರ್‌ಪಪ್ ಎಂಬುದು ಉಬುಂಟು 14.04ರ ಪ್ಯಾಕೇಜುಗಳಿಂದ, ಕ್ಸೀನಿಯಲ್‌ಪಪ್ 16.04ರದ್ದರಿಂದ ಕಟ್ಟಿದವು.

ಎರೆ ಸೀಮೆಯ ಹಿರಿಯರಿಗೆ ಹಗೇವು ಗೊತ್ತು. ನೆಲದೊಳಗೆ ತೋಡಿದ ಕುಣಿಯಲ್ಲಿ ಜೋಳ ತುಂಬಿ ಮಣ್ಣು ಮುಚ್ಚಿದರೆ ವರ್ಷಗಳ ಕಾಲ ಕೆಡುತ್ತಿರಲಿಲ್ಲ. ಬಾಯಿ ತೆರೆದ ಕೂಡಲೇ ಮಾತ್ರ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗಲು ಬಿಟ್ಟು ಆಮೇಲೆ ಇಳಿಯಬೇಕು, ಇಲ್ಲವಾದರೆ ಜೀವಕ್ಕೇ ಅಪಾಯ. ಹಳೆಯ ರೆಪೊಸಿಟರಿಗೂ ಇದೇ ಕ್ರಮ. ಡೆಬಿಯನ್‌ನ ಪಟ್ಟಿಗಳ ಮೇಲೆ ಇಷ್ಟನೇ ದಿನಾಂಕದವರೆಗೆ ಮಾತ್ರ ಎಂಬ ಗುರುತು ಇರಬಹುದು. ಅವಧಿ ಮುಗಿದಿದ್ದರೆ ಆಪ್ಟ್ ಒಪ್ಪುವುದಿಲ್ಲ. ಆ ದಿನಾಂಕದ ತಪಾಸಣೆಯೊಂದನ್ನು ಬದಿಗಿಡಬಹುದು, ಅದಕ್ಕೆ ಸೆಟ್ಟಿಂಗ್ ಇದೆ. ಆದರೆ ಅನೇಕರು ಸಹಿಯ ತಪಾಸಣೆಯನ್ನೇ ಕಿತ್ತುಹಾಕಿ ಎಲ್ಲವನ್ನೂ ನಂಬು ಎಂದು ಬರೆದುಬಿಡುತ್ತಾರೆ. ಈ ಹಳೆಯ ಸರ್ವರ್‌ಗಳ ಜೊತೆ ಮಾತುಕತೆ ನಡೆಯುವುದು ಹೆಚ್ಚಾಗಿ ಗೂಢಲಿಪಿಯಿಲ್ಲದ ಬಯಲು ದಾರಿಯಲ್ಲಿ. ನಡುವೆ ಯಾರೂ ಕೈ ಹಾಕಿಲ್ಲ ಎಂಬುದಕ್ಕೆ ಸಹಿಯೊಂದೇ ಸಾಕ್ಷಿ. ಅದನ್ನು ತೆಗೆದರೆ ಉಳಿಯುವುದು ಏನೂ ಇಲ್ಲ.

ಇಲ್ಲಿ ಒಂದು ಸಣ್ಣ ಮಾತು, ಆದರೆ ಹಳ್ಳಿಯಲ್ಲಿ ದೊಡ್ಡದು. ಹತ್ತು ಹದಿನೈದು ವರ್ಷದ ಯಂತ್ರದಲ್ಲಿ ಮದರ್‌ಬೋರ್ಡಿನ ಬಿಲ್ಲೆಯಂಥ ಸೆಲ್ ಸತ್ತಿರುತ್ತದೆ. ಕರೆಂಟು ಹೋಗಿ ಬಂದರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಜಿಗಿಯುತ್ತದೆ. ಆಗ ಪ್ರತಿ ವೆಬ್‌ಸೈಟಿನ ಪ್ರಮಾಣಪತ್ರವೂ ಇನ್ನೂ ಹುಟ್ಟಿಲ್ಲ ಎಂದು ಬ್ರೌಸರ್ ಹೇಳುತ್ತದೆ. ವ್ಯವಸ್ಥೆ ಹಾಳಾಯಿತು, ಭಂಡಾರ ಮುಚ್ಚಿತು ಎಂದು ಕೈಬಿಟ್ಟ ಯಂತ್ರಗಳಲ್ಲಿ ಕೆಲವಕ್ಕೆ ಬೇಕಿರುವುದು ಸಿಆರ್2032 ಸೆಲ್ ಒಂದೇ. ಬೇರೆ ಯಾವ ತೀರ್ಮಾನಕ್ಕೂ ಮೊದಲು ಗಡಿಯಾರ ನೋಡಿ.

ಈ ಪಕ್ಷದ ಇನ್ನೊಂದು ಕವಲಿಗೆ ನನ್ನ ಒಲವು. ದೂರದ ಹಗೇವನ್ನು ನಂಬುವುದಕ್ಕಿಂತ ಮುಚ್ಚುವ ಮೊದಲೇ ನಮ್ಮ ಪಾಲನ್ನು ತುಂಬಿಟ್ಟುಕೊಳ್ಳುವುದು. ಒಂದು ಬಗೆಯ ಪ್ರೊಸೆಸರ್‌ಗೆ ಡೆಬಿಯನ್‌ನ ಒಂದು ಆವೃತ್ತಿ ಇಡಿಯಾಗಿ 1 ಟಿಬಿಯ ಸಾಧಾರಣ ಹಾರ್ಡ್ ಡಿಸ್ಕಿನಲ್ಲಿ ಹಿಡಿಸಿ ಜಾಗ ಉಳಿಯುತ್ತದೆ. ಆಪ್ಟ್ ಮಿರರ್ ಎಂಬ ಸಾಧನ ಇಡೀ ಭಂಡಾರವನ್ನು ನಕಲು ಮಾಡುತ್ತದೆ. ಆಪ್ಟ್ ಕ್ಯಾಷರ್ ಎಂಬುದು ಒಂದು ಯಂತ್ರ ಇಳಿಸಿಕೊಂಡದ್ದನ್ನು ಕೋಣೆಯ ಉಳಿದ ಯಂತ್ರಗಳಿಗೆ ಹಂಚುತ್ತದೆ. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಜಿಪಿಎಲ್‌ನಂಥ ಮುಕ್ತ ಪರವಾನಗಿಗಳು ನಕಲು ಮಾಡುವ, ಹಂಚುವ ಹಕ್ಕನ್ನು ಬರಹದಲ್ಲೇ ಕೊಟ್ಟಿವೆ. ವಿಂಡೋಸ್ ಎಕ್ಸ್‌ಪಿಯ ಯಂತ್ರಕ್ಕೆ ಈ ದಾರಿ ಎಂದೂ ಇರಲಿಲ್ಲ. ಹುಬ್ಬಳ್ಳಿ, ಧಾರವಾಡದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದಿವೆ. ಅಂಥ ಒಂದು ಕಡೆ ತುಂಬಿದ ಡಿಸ್ಕು ಅಣ್ಣಿಗೇರಿಗೆ ರೈಲಿನಲ್ಲಿ, ನವಲಗುಂದಕ್ಕೆ ಬಸ್ಸಿನಲ್ಲಿ ಅದೇ ದಿನ ತಲುಪಬಲ್ಲದು. ತಂತ್ರದ ದೃಷ್ಟಿಯಿಂದ ಇದಕ್ಕೆ ಯಾವ ಅಡ್ಡಿಯೂ ಇಲ್ಲ.

ಈ ಪಕ್ಷ ಉತ್ತರಿಸಲಾಗದ ಒಂದು ಪ್ರಶ್ನೆಯೂ ಇದೆ. ಹಗೇವಿನಿಂದ ತೆಗೆದ ಜೋಳ ಹಳೆಯ ಜೋಳವೇ. ತೂತು ಮುಚ್ಚದ ಬ್ರೌಸರ್ ಅಲ್ಲಿಂದ ಬಂದರೂ ತೂತಿನದೇ.

ಕೌದಿ ಹೊಲಿಯುವವರು

ಮೂರನೆಯವರು ಹಳೆಯ ಬಟ್ಟೆಯ ಮೇಲೆ ಹೊಸ ತುಂಡು ಇಟ್ಟು ಹೊಲಿಯುತ್ತಾರೆ. ವ್ಯವಸ್ಥೆ ಹಳೆಯದಿರಲಿ, ಬೇಕಾದ ಒಂದೆರಡು ತಂತ್ರಾಂಶಗಳನ್ನು ಮಾತ್ರ ಹೊಸದಾಗಿ ಹಾಕೋಣ ಎನ್ನುತ್ತಾರೆ. ಪಪ್ಪಿ ಬಳಸುವವರು ಇದರಲ್ಲಿ ಪಳಗಿದವರು: ಎಸ್‌ಎಫ್‌ಎಸ್ ಕಡತವೊಂದನ್ನು ಏರಿಸಿದರೆ ಇಡೀ ತಂತ್ರಾಂಶ ಕೂಡಿಕೊಳ್ಳುತ್ತದೆ, ಇಳಿಸಿದರೆ ಕಳಚಿಕೊಳ್ಳುತ್ತದೆ. ಆಪ್‌ಇಮೇಜ್ ಎಂಬುದೂ ಇದೇ ಬಗೆಯದು.

ಎಳೆ ಹರಿಯುವುದು ಜಿಲಿಬ್‌ಸಿ ಎಂಬಲ್ಲಿ. ಅದು ಪ್ರತಿ ತಂತ್ರಾಂಶವೂ ನೆಚ್ಚಿಕೊಂಡ ತಾಯಿಬೇರು. ಉಬುಂಟು 14.04ರಲ್ಲಿ ಅದರ ಆವೃತ್ತಿ 2.19, 18.04ರಲ್ಲಿ 2.27, 22.04ರಲ್ಲಿ 2.35. ಹೊಸದರ ಮೇಲೆ ಕಟ್ಟಿದ ತಂತ್ರಾಂಶ ಹಳೆಯದರಲ್ಲಿ ಓಡುವುದಿಲ್ಲ. ಜಿಲಿಬ್‌ಸಿಯನ್ನೇ ಬದಲಿಸಹೋದರೆ ಉಳಿದದ್ದೆಲ್ಲ ಕುಸಿಯುವ ಅಪಾಯ. ಕೌದಿಯ ತುಂಡುಗಳು ಒಂದರ ಪಕ್ಕ ಒಂದು ಹೊಂದಿಕೊಳ್ಳುತ್ತವೆ, ಇವು ಹಾಗಲ್ಲ, ಒಂದರ ಮೇಲೊಂದು ನಿಂತಿವೆ. ಕೈ ಪಳಗಿದವರೊಬ್ಬರು ಊರಲ್ಲೇ ಇದ್ದರೆ ಈ ದಾರಿ ಹಲವು ವರ್ಷ ನಡೆಸುತ್ತದೆ. ಅವರಿಗೆ ವರ್ಗವಾದರೆ ಆ ಹೊಲಿಗೆಯನ್ನು ಬೇರೆಯವರು ಬಿಚ್ಚಿ ಅರ್ಥ ಮಾಡಿಕೊಳ್ಳಲಾರರು.

ಜಾಲ ಕಳಚಿದ ಕೋಣೆ

ನಾಲ್ಕನೆಯ ಪಕ್ಷ ಇಂಟರ್ನೆಟ್ಟನ್ನೇ ತೆಗೆದುಹಾಕಿ ಎನ್ನುತ್ತದೆ. ಟಿಎಲ್‌ಎಸ್ 1.2 ಎಂಬ ಗೂಢಲಿಪಿ ವಿಧಾನ ಅರಿಯದ ಬ್ರೌಸರ್‌ಗೆ ಇಂದಿನ ಬಹುಪಾಲು ಸೈಟುಗಳು ಹೇಗೂ ತೆರೆಯುವುದಿಲ್ಲ. 2021ರ ಸೆಪ್ಟೆಂಬರ್ 30ರಂದು, ವೆಬ್‌ಸೈಟುಗಳಿಗೆ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನವರು ನೆಚ್ಚಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ ಎಷ್ಟೋ ಹಳೆಯ ಯಂತ್ರಗಳಿಗೆ ಜಾಲದ ಒಂದು ದೊಡ್ಡ ಪಾಲು ಒಂದೇ ದಿನದಲ್ಲಿ ಮುಚ್ಚಿತು. ಅಂಥ ಯಂತ್ರಕ್ಕೆ ವೈರು ಜೋಡಿಸಿ ಲಾಭವೇನು? ಅದರ ಬದಲು ಕಿವಿಕ್ಸ್ ಎಂಬ ತಂತ್ರಾಂಶ ಹಾಕಿ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಡಿಸ್ಕಿನಲ್ಲಿ ಇಟ್ಟುಕೊಳ್ಳಿ, ಜಿಯೋಜೀಬ್ರಾ ಇಡಿ, ಟೈಪಿಂಗ್ ಕಲಿಸಿ. ಹೊರಗಿನ ದಾಳಿಯ ಭಯ ಬಹುಪಾಲು ಹೋಗುತ್ತದೆ. ಉಳಿಯುವುದು ಪೆನ್‌ಡ್ರೈವ್ ಒಂದೇ. ಹತ್ತನೇ ತರಗತಿಯ ಹುಡುಗಿ ಜೋಳದ ಇಳುವರಿಯ ನಕ್ಷೆ ಬಿಡಿಸಲು ಬೇಕಿರುವುದು ಸ್ಪ್ರೆಡ್‌ಶೀಟ್. ಅದರ ಆಯುಷ್ಯ ಮುಗಿಯುವುದಿಲ್ಲ. ಶಾಲೆಯ ಮಟ್ಟಿಗೆ ಇದು ನನಗೆ ತುಂಬ ಒಪ್ಪುವ ಮಾತು. ಅಂಥ ಕೋಣೆಯನ್ನು ಹಿಂದುಳಿದದ್ದು ಎಂದು ತೀರ್ಮಾನಿಸುವ ಮೊದಲು, ಜಾಲವಿರುವ ಕೋಣೆಗಳಲ್ಲಿ ಮಕ್ಕಳು ಅದನ್ನು ಯಾವುದಕ್ಕೆ ಬಳಸುತ್ತಾರೆ ಎಂದು ನೋಡಬೇಕು.

ಇದಕ್ಕೆ ಹತ್ತಿರದ ಇನ್ನೊಂದು ದಾರಿ 1999ರಿಂದ ಇರುವ ಎಲ್‌ಟಿಎಸ್‌ಪಿ. ಒಂದು ಗಟ್ಟಿ ಯಂತ್ರ ಕೆಲಸ ಮಾಡುತ್ತದೆ, ಹಳೆಯವು ಅದರ ಪರದೆಗಳಾಗುತ್ತವೆ. ಭಂಡಾರದ ಸಮಸ್ಯೆ ಒಂದೇ ಯಂತ್ರಕ್ಕೆ ಇಳಿಯುತ್ತದೆ, ಆದರೆ ಅದೊಂದು ಕೆಟ್ಟ ದಿನ ಇಡೀ ಕೋಣೆಗೆ ರಜೆ.

ಕಾಸರಗೋಡಿನ ಕನ್ನಡ ಶಾಲೆಗಳು

ಇವೆಲ್ಲ ಒಬ್ಬಂಟಿ ಯಂತ್ರದ ಲೆಕ್ಕಗಳು. ಸಂಸ್ಥೆಯೊಂದು ಹೊಣೆ ಹೊತ್ತರೆ ಏನಾಗುತ್ತದೆ ಎಂಬುದನ್ನು ಕನ್ನಡ ಶಾಲೆಗಳಲ್ಲೇ ನೋಡಬಹುದು, ಆದರೆ ಗಡಿಯಾಚೆ. ಕೇರಳ ಸರ್ಕಾರದ ಐಟಿ ಅಟ್ ಸ್ಕೂಲ್ ಯೋಜನೆ ಶಾಲೆಗಳಿಗೆಂದೇ ಲಿನಕ್ಸ್ ಸಿದ್ಧಪಡಿಸುತ್ತ ಬಂತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟು 18.04ರ ಮೇಲೆ ಕಟ್ಟಿದ್ದನ್ನು ಮುಂದೆ 22.04ಕ್ಕೆ ಏರಿಸಿತು. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದು ಇದರಲ್ಲೇ. ಅವರ ಐಸಿಟಿ ಪಠ್ಯಪುಸ್ತಕವೂ ಕನ್ನಡದಲ್ಲಿದೆ.

ಅಲ್ಲಿ ಭಂಡಾರ ಮುಚ್ಚುವುದಿಲ್ಲವೆಂದಲ್ಲ. 18.04ರ ಸಾಮಾನ್ಯ ಬೆಂಬಲ 2023ರ ಮೇ ತಿಂಗಳಲ್ಲಿ ಮುಗಿಯಿತು. ಆದರೆ ಮುಂದಿನದನ್ನು ಕಟ್ಟಿ ಶಾಲೆಗೆ ಮುಟ್ಟಿಸುವುದು ಒಂದು ಸಂಸ್ಥೆಯ ಕೆಲಸ, ಕಂಪ್ಯೂಟರ್ ನೋಡಿಕೊಳ್ಳುವ ಒಬ್ಬ ಮೇಷ್ಟರ ತಲೆನೋವಲ್ಲ. ಪಠ್ಯ, ಪರೀಕ್ಷೆ, ತಂತ್ರಾಂಶ ಮೂರೂ ಒಂದಕ್ಕೊಂದು ಕಟ್ಟಿಕೊಂಡಿರುವುದರಿಂದ ಒಂದನ್ನು ಮರೆತು ಇನ್ನೊಂದು ನಡೆಯುವಂತಿಲ್ಲ. ಕರ್ನಾಟಕದ ಶಿಕ್ಷಕರಿಗೆ ತರಬೇತಿ ಸಿಕ್ಕಿತು, ಒಳ್ಳೆಯ ಕಲಿಕಾ ಸಾಮಗ್ರಿಯೂ ಕನ್ನಡದಲ್ಲಿ ಬೆಳೆಯಿತು. ಯಂತ್ರದೊಳಗಿನ ವ್ಯವಸ್ಥೆಯನ್ನು ವರ್ಷದಿಂದ ವರ್ಷಕ್ಕೆ ಕಾಯುವ ಕೈ ಆ ಮಟ್ಟದಲ್ಲಿ ಬೆಳೆಯಲಿಲ್ಲ ಎಂಬುದು ನನ್ನ ಕೊರಗು. ಕೇರಳದ ಮಾದರಿಯ ಬೆಲೆಯನ್ನೂ ಹೇಳಬೇಕು: ಸಂಸ್ಥೆ ಮುಂದೆ ಹೋದಾಗ ಹೊಸ ವ್ಯವಸ್ಥೆಯ ಭಾರ ತಾಳದ ಯಂತ್ರ ಹಿಂದೆ ಉಳಿಯಲೇಬೇಕು.

ಇನ್ನೂ ಇತ್ಯರ್ಥವಾಗದ್ದು

ವಿದ್ಯುತ್ತಿನ ಲೆಕ್ಕ ಯಾರೂ ಒಪ್ಪುವ ಹಾಗೆ ಮುಗಿದಿಲ್ಲ. ಪೆಂಟಿಯಂ 4ರ ಕೆಲವು ಮಾದರಿಗಳಲ್ಲಿ ಪ್ರೊಸೆಸರ್ ಒಂದಕ್ಕೇ 84 ವ್ಯಾಟ್‌ನ ಅಳತೆಯಿದೆ. ಆಟಂ ಎನ್270ಕ್ಕೆ ಎರಡೂವರೆ ವ್ಯಾಟ್. ಎರಡೂ ಹಳೆಯವೇ, ಎರಡೂ 32 ಬಿಟ್ ಇರಬಹುದು. ಒಂದನ್ನು ಉಳಿಸುವುದು ಪರಿಸರಕ್ಕೆ ಒಳ್ಳೆಯದು, ಇನ್ನೊಂದನ್ನು ಉಳಿಸುವುದು ಯುಪಿಎಸ್ ಬ್ಯಾಟರಿಗೂ ಬಿಲ್ಲಿಗೂ ಹೊರೆ. ಯಾವ ಯಂತ್ರದ ಮಟ್ಟಿಗೆ ಎಸೆದರೆ ಇ-ತ್ಯಾಜ್ಯವಾಗುತ್ತದೆ ಎಂಬ ವಾದ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬ ಗೆರೆ ಎಳೆದಿಲ್ಲ.

2038ರ ಜನವರಿ 19 ಇನ್ನೊಂದು. 32 ಬಿಟ್ ಎಣಿಕೆಯಲ್ಲಿ ಸೆಕೆಂಡುಗಳ ಲೆಕ್ಕ ಅಂದು ತುಂಬಿ ಹೊರಳುತ್ತದೆ. ಡೆಬಿಯನ್ 13 ಉಳಿದ 32 ಬಿಟ್ ಪ್ರೊಸೆಸರ್‌ಗಳಿಗೆ ಇದನ್ನು ತಿದ್ದಿತು, ಹಳೆಯ ಪಿಸಿಯ ಬಗೆಯನ್ನು ತಿದ್ದದೆ ಬಿಟ್ಟಿತು. ಹಳೆಯ ತಂತ್ರಾಂಶಗಳು ಹಾಗೇ ಓಡಲಿ ಎಂಬುದು ಅದರ ಕಾರಣ. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಬಳಸಬಹುದೇ, ಜಾಲ ಕಳಚಿದ ಕೋಣೆಗೆ ಅಷ್ಟು ಸಾಕೇ ಎಂಬುದನ್ನು ಇನ್ನೂ ಯಂತ್ರಯಂತ್ರವಾಗಿ ನೋಡಬೇಕು.

ಎಲ್ಲಕ್ಕಿಂತ ಹತ್ತಿರದ ದಿನಾಂಕ 2028ರ ಜೂನ್ 30. ಹಳೆಯ 32 ಬಿಟ್ ಪಿಸಿಗಳಲ್ಲಿ ನೇರವಾಗಿ ಏರಿಸಬಹುದಾದ ಕೊನೆಯ ಡೆಬಿಯನ್, ಅಂದರೆ 12ನೇ ಆವೃತ್ತಿಯ ದೀರ್ಘ ಬೆಂಬಲ ಅಂದು ಮುಗಿಯುತ್ತದೆ. ಅದನ್ನೇ ಬುಡವಾಗಿಟ್ಟುಕೊಂಡ ಆಂಟಿಎಕ್ಸ್‌ನ 23ನೇ ಆವೃತ್ತಿ, ಬುಕ್‌ವರ್ಮ್‌ಪಪ್ ಮೊದಲಾದವೂ ಅದರ ನೆರಳಿನಲ್ಲಿವೆ. ಅಷ್ಟರೊಳಗೆ ಆ ಭಂಡಾರ, ಅದರೊಳಗಿನ ಕನ್ನಡದ ಫಾಂಟು, ಕೀಲಿಮಣೆ, ಅನುವಾದಗಳ ಸಹಿತ, ಧಾರವಾಡ ಜಿಲ್ಲೆಯ ಯಾವುದಾದರೂ ಕಪಾಟಿನಲ್ಲಿ ತುಂಬಿ ಕೂರಬೇಕೆಂದರೆ ಆ ಡಿಸ್ಕು ಯಾರ ಹೆಸರಿನಲ್ಲಿ ಇರಬೇಕು? ಕಾಲೇಜಿನದೇ, ತಾಲೂಕಿನ ಶಿಕ್ಷಣ ಕಚೇರಿಯದೇ, ಊರಿನ ಗ್ರಂಥಾಲಯದ್ದೇ? ವರ್ಷಕ್ಕೊಮ್ಮೆ ಅದನ್ನು ತಿರುಗಿಸಿ, ಸಹಿಗಳು ತಾಳೆಯಾಗುತ್ತವೆಯೇ ಎಂದು ನೋಡುವವರು ಯಾರು?